ಅಯ್ಯನವರ ಎಡಗಡೆ ನಿಂತವನು

ಫೆಬ್ರವರಿ ಒಂಬತ್ತು, ಭಾನುವಾರ. ಬೆಳಿಗ್ಗೆ ಚಳಿ, ಹನ್ನೊಂದಕ್ಕೆಲ್ಲ ಬಿಸಿಲು, ಗಾಳಿ ಇಲ್ಲ.

ಇವತ್ತು ನ್ಯಾಮತಿಯ ನಮ್ಮ ಚರ್ಚಿನ ಸಭೆಗೆ ಹೊರಗಿನಿಂದ ಪಾದ್ರಿ ಅಯ್ಯನವರೊಬ್ಬರು ಬಂದು ಪ್ರಸಂಗ ಮಾಡಿದರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ಪಕ್ಕದಲ್ಲಿ ನಿಂತು ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಒಂದು ವಾಕ್ಯ ಅವರದು, ಒಂದು ವಾಕ್ಯ ನನ್ನದು ಎಂದು ಮೊದಲೇ ಮಾತಾಗಿತ್ತು. ಶುರು ಮಾಡಿದವರು ಏಳು ನಿಮಿಷ ನಿಲ್ಲಲೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ನನಗೆ ನೆನಪಿದ್ದದ್ದು ಕೊನೆಯ ಮಾತು ಮಾತ್ರ. “ದೇವರು ನಮ್ಮನ್ನು ಮರೆಯುವುದಿಲ್ಲ” ಎಂದೆ. ಹಿಂದಿನ ಬೆಂಚಿನಿಂದ ಟ್ರ್ಯಾಕ್ಟರ್ ರಿಪೇರಿ ಮಾಡುವವರೊಬ್ಬರು ಎದ್ದು ನಿಂತು ಕೇಳಿದರು: “ಸರ್, ಅಷ್ಟೊತ್ತು ಹೇಳಿದ್ದು ಇಷ್ಟೇನಾ? ಮಿಕ್ಕಿದ್ದು ನೀವೇ ಇಟ್ಕಂಡ್ರಾ?”

ಈ ಕೆಲಸ ಹಿಡಿದ ಮೇಲೆ ಇಂಥವು ನಿಂತದ್ದೇ ಇಲ್ಲ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಚನ್ನಗಿರಿ, ಜಗಳೂರು, ಹೊನ್ನಾಳಿ, ಈಗ ನ್ಯಾಮತಿ. ವರ್ಗವಾಗಿ ಹೋದ ಊರಿನಲ್ಲೆಲ್ಲ, ನಾನು ಬಾಡಿಗೆ ಮನೆ ಹಿಡಿಯುವ ಮೊದಲೇ ಅಲ್ಲಿನ ಸಭೆಯವರು ನನ್ನನ್ನು ಹಿಡಿದಿದ್ದಾರೆ. ಇಂಗ್ಲಿಷ್ ಬರುತ್ತದೆ, ತಮಿಳು ತೆಲುಗು ತಿಳಿಯುತ್ತದೆ, ಮೇಲಾಗಿ ಸ್ವಂತದ್ದೇನೂ ಮಾತಾಡುವುದಿಲ್ಲ. ತರ್ಜುಮೆಯವನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಡ ಎಂದು ಅವರ ಲೆಕ್ಕ. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಬಂದ ಅಯ್ಯನವರ ಎಡಗಡೆ ನಿಂತುಕೊಂಡು.

ನನ್ನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಹೆಂಗಸರ ಕಡೆಯ ಮೂರನೇ ಬೆಂಚಿನ ತುದಿ ಅವಳ ಜಾಗ. ಪಕ್ಕದಲ್ಲಿ ಅವಳ ತಾಯಿ, ನನ್ನ ಅತ್ತೆ. ಅತ್ತೆ ಸಾಸ್ವೆಹಳ್ಳಿ ಕಡೆಯವರು. ಓದು ಬರಹ ಇಲ್ಲ, ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ. ನನ್ನ ಹೆಂಡತಿ ಸೀರೆ ಕೇಳಲಿಲ್ಲ, ಸೈಟು ಕೇಳಲಿಲ್ಲ. ಕೇಳಿದ್ದು ಒಂದೇ: “ನಮ್ಮವ್ವ ಸಾಯದ್ರೊಳಗೆ ಒಂದು ಪ್ರಸಂಗಾನಾದ್ರೂ ಪೂರ್ತಿ ತಿಳ್ಕಳಂಗೆ ಮಾಡ್ರಿ.” ಮಾಡುತ್ತೇನೆ ಎಂದೆ.

ಅತ್ತೆ ಇದ್ದಾರೆ. ಹೋದದ್ದು ಅವಳು.

ಉಪ್ಪಿಟ್ಟು

ಚನ್ನಗಿರಿಯಲ್ಲಿ ನಾನು ಈ ಕೆಲಸಕ್ಕೆ ಹೊಸಬ. ಪುಸ್ತಕ ಓದಿ ಓದಿ ನನ್ನ ಬಾಯಲ್ಲಿ ಪುಸ್ತಕದ ಕನ್ನಡವೇ ಬರುತ್ತಿತ್ತು. ಮೊದಲ ಭಾನುವಾರ ಮನೆಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಹೇಳಿದಳು: “ಅವರ ಇಂಗ್ಲಿಷ್‌ಗೆ ನೀವಿದ್ರಿ. ನಿಮ್ಮ ಕನ್ನಡಕ್ಕೆ ಯಾರು ನಿಲ್ಲಬೇಕಿತ್ತು?”

ಆಮೇಲೆ ಇಬ್ಬರೂ ಒಂದು ಗುರುತು ಮಾಡಿಕೊಂಡೆವು. ನಾನು ಹೇಳಿದ್ದು ಜನರ ತಲೆಯ ಮೇಲೆ ಹಾದುಹೋದರೆ ಅವಳು ಕನ್ನಡಕವನ್ನು ಹಣೆಗೆ ಏರಿಸಬೇಕು. ಏರಿಸಿದರೆ ನಾನು ಅದೇ ವಾಕ್ಯವನ್ನು ಇನ್ನೂ ಸುಲಭ ಮಾಡಿ ಮತ್ತೊಮ್ಮೆ ಹೇಳಬೇಕು. ಗುರುತು ಚೆನ್ನಾಗಿಯೇ ನಡೆಯಿತು, ಏಪ್ರಿಲ್ ಬರುವವರೆಗೆ.

ಏಪ್ರಿಲ್‌ನಲ್ಲಿ ಬಂದವರು ವಯಸ್ಸಾದ ದೊಡ್ಡ ಅಯ್ಯನವರು. ಪೀಠ ಹತ್ತಿ ಮೊದಲಿಗೆ, ಬೆಳಿಗ್ಗೆ ಕೊಟ್ಟ ತಿಂಡಿಗೆ ವಂದನೆ ಹೇಳಿದರು. “ಪ್ರಾತಃಕಾಲದ ಉಪಾಹಾರಕ್ಕಾಗಿ ನಾನು ನಿಮಗೆ ಋಣಿಯಾಗಿದ್ದೇನೆ” ಎಂದೆ. ಮೂರನೇ ಬೆಂಚಿನಲ್ಲಿ ಕನ್ನಡಕ ಏರಿತು. ತಪ್ಪು ನನ್ನದೇ ಎಂದುಕೊಂಡು, “ಬೆಳಿಗ್ಗೆ ನೀವು ಕೊಟ್ಟ ತಿಂಡಿಗೆ ವಂದನೆಗಳು” ಎಂದೆ. ಮತ್ತೆ ಏರಿತು. “ಉಪ್ಪಿಟ್ಟು ಚೆನ್ನಾಗಿತ್ತು.” ಏರಿತು. “ಇಂಥ ಉಪ್ಪಿಟ್ಟು ನಾನು ಎಲ್ಲೂ ತಿಂದಿಲ್ಲ.” ಏರಿತು. ನನಗೆ ಬೆವರು ಕಿತ್ತುಕೊಂಡಿತು. ಅಯ್ಯನವರು ಗಡಿಯಾರ ನೋಡಿಕೊಂಡರು. ಎರಡನೇ ಬೆಂಚಿನಲ್ಲಿದ್ದ ಸಭೆಯ ಹಿರಿಯರೊಬ್ಬರು ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳತೊಡಗಿದರು. ಕೊನೆಗೆ ನಾನು ಅವಳನ್ನೇ ನೋಡುತ್ತ, ಬಿಡಿಸಿ ಬಿಡಿಸಿ ಹೇಳಿದೆ: “ಈ ಉಪ್ಪಿಟ್ಟನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.”

ಮನೆಗೆ ಬಂದ ಮೇಲೆ ಅವಳು ಹೇಳಿದಳು: “ಸೆಕೆಗೆ ಕಣ್ಣು ಒರೆಸ್ಕಂತಿದ್ದೆ ಕಣ್ರೀ. ನೀವು ನೋಡಿದ್ರೆ ಉಪ್ಪಿಟ್ಟು ಬಿಟ್ಟು ಕದಲಲಿಲ್ಲ.”

ನಾನು ಚನ್ನಗಿರಿ ಬಿಟ್ಟು ಬಹಳ ವರ್ಷಗಳಾದವು. ಹೊರಗಿನಿಂದ ಯಾವ ಅಯ್ಯನವರು ಬಂದರೂ ಅಲ್ಲಿ ಇವತ್ತಿಗೂ ಉಪ್ಪಿಟ್ಟೇ. ಇಡ್ಲಿ ಯಾಕೆ ಮಾಡುವುದಿಲ್ಲ ಎಂದು ಹೋದ ವರ್ಷ ಒಬ್ಬರನ್ನು ಕೇಳಿದೆ. ಅವರು ಗಂಭೀರವಾಗಿ ಹೇಳಿದರು: “ಅದು ನಮ್ಮ ಸಭೆಯ ಪದ್ಧತಿ ಸರ್. ಹಿಂದೆ ಒಬ್ಬ ದೊಡ್ಡ ಅಯ್ಯನವರು ಐದು ಸಲ ಒತ್ತಿ ಹೇಳಿ ಹೋಗಿದಾರೆ.”

ಅತ್ತೆ ಜಗಲಿಯಲ್ಲಿ ಹೇಳಿದ್ದು

ಜಗಳೂರಿನಲ್ಲಿ ನಮ್ಮದು ಬಾಡಿಗೆ ಮನೆ. ಪಕ್ಕದ ಭಾಗದಲ್ಲಿ ಮನೆಯ ಯಜಮಾನಿ, ಅವರ ಮಗ ಸೊಸೆ, ಎರಡು ಎಮ್ಮೆ. ಯಜಮಾನಮ್ಮ ಸೋಮವಾರ ತಪ್ಪದೆ ಗುಡಿಗೆ ಹೋಗುವವರು. ಭಾನುವಾರ ನಾವು ಆರಾಧನೆ ಮುಗಿಸಿ ಬರುವ ಹೊತ್ತಿಗೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕಾಯುತ್ತಿದ್ದರು. ಅತ್ತೆ ಕಾಲು ತೊಳೆದು ಪಕ್ಕದಲ್ಲಿ ಕೂತ ಕೂಡಲೇ ಅವರ ಪ್ರಶ್ನೆ: “ಇವತ್ತು ನಿಮ್ಮ ಅಯ್ಯನೋರು ಏನ್ ಹೇಳಿದ್ರು?”

ಒಂದು ದಿನ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ಆವತ್ತಿನ ಪ್ರಸಂಗ ಕೃಪೆಗೂ ಕ್ರಿಯೆಗೂ ಇರುವ ಸಂಬಂಧದ ಮೇಲೆ. ಒಂದು ಗಂಟೆ ನಡೆದಿತ್ತು. ಅತ್ತೆ ಹೇಳುತ್ತಿದ್ದರು: “ಮನೆಗೆ ಬಂದ ಸೊಸೆಗೆ ಮೊದಲ್ನೇ ರೊಟ್ಟಿ ಹಾಕ್ಬೇಕಂತೆ. ಎಲ್ಲಾರೂ ಉಂಡು ಉಳಿದಿದ್ದು ಹಾಕಿದ್ರೆ ದೇವ್ರು ಕಣ್ಣು ಬಿಟ್ಟು ನೋಡ್ತಾನಂತೆ.”

“ಹೌದಾ? ಹಿಂದಿನ ವಾರ ಎಮ್ಮೆ ಬಗ್ಗೆ ಹೇಳಿದ್ರಲ್ಲ?”

“ಅದೂ ಐತೆ. ಎಮ್ಮೆಗೆ ನೀರು ತೋರಿಸದೆ ತಾವು ಊಟಕ್ಕೆ ಕೂರಬಾರ್ದು ಅಂತ ಇವತ್ತೂ ಅಂದ್ರು.”

ಎರಡು ವರ್ಷ ಇದು ನಡೆದಿದೆ. ನನಗೆ ಗೊತ್ತಾದದ್ದು ಅಂದು. ಹೆಂಡತಿ ಅಡಿಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗು ಮುಗಿದ ಮೇಲೆ ಅವ್ವನನ್ನು ಒಳಗೆ ಕರೆದು ಕೇಳಿದಳು: “ಯಾಕವ್ವಾ, ಅವರು ಹೇಳದೆ ಇದ್ದಿದ್ನ ಹೇಳ್ತೀಯ?”

“ಅವರು ಹೇಳಿದ್ದು ನಂಗೆ ತಿಳೀಬೇಕಲ್ಲವ್ವಾ” ಎಂದರು ಅತ್ತೆ. “ಅಷ್ಟ್ ದೂರ ನಡೆದು ಹೋಗಿ, ಎರಡು ತಾಸು ಕೂತು ಬಂದೀನಿ. ಆಯಮ್ಮ ಕಾಯ್ತಿರ್ತಾಳೆ. ಬರಿಗೈಲಿ ಬರಾಕೆ ಆಗುತ್ತಾ?”

ಅಂದೇ ಅವಳು ನನ್ನಿಂದ ಆ ಮಾತು ತೆಗೆದುಕೊಂಡದ್ದು.

ಇಷ್ಟರಲ್ಲಿ ಯಜಮಾನಮ್ಮ ಸಂತೆಯಲ್ಲಿ ನಮ್ಮ ಸಭೆಯ ಅಯ್ಯನವರನ್ನು ಕಂಡು ಕೈ ಮುಗಿದುಬಿಟ್ಟರು. “ಅಯ್ಯನೋರೆ, ನಿಮ್ಮ ಮಾತು ಕೇಳಿ ನಮ್ಮನೆ ಜಗಳ ನಿಂತೈತೆ. ಈಗ ಸೊಸೆಗೆ ಮೊದಲ್ನೇ ರೊಟ್ಟಿ ನಾನೇ ಹಾಕ್ತೀನಿ.” ಆ ಅಯ್ಯನವರು ತೆಲುಗು ನಾಡಿನವರು, ಕನ್ನಡವನ್ನು ಕಷ್ಟಪಟ್ಟು ಪುಸ್ತಕದಿಂದ ಕಲಿತವರು. ಸಂಜೆಯೇ ನಮ್ಮ ಮನೆಗೆ ಬಂದರು. “ಮೇಷ್ಟ್ರೇ, ನಾನು ರೊಟ್ಟಿ ಕುರಿತು ಯಾವಾಗ ಪ್ರಸಂಗಿಸಿದೆ?” ವಿಷಯ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಚಹಾ ಕುಡಿದು ಹೋದರು. ಬೇಜಾರಾಗಿರಬೇಕು ಎಂದುಕೊಂಡೆವು.

ಎರಡು ವಾರ ಬಿಟ್ಟು, ಶುಕ್ರವಾರ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ನಿಮ್ಮ ಅತ್ತೆಯವರು ಈ ಭಾನುವಾರ ಏನು ಹೇಳುವವರಿದ್ದಾರೆ? ನನಗೆ ಇನ್ನೂ ವಿಷಯ ಸಿಕ್ಕಿಲ್ಲ.”

ಸ್ವೆಟರ್

ಹೊನ್ನಾಳಿಯಲ್ಲಿ ಡಿಸೆಂಬರ್ ತಿಂಗಳ ಕೂಟ. ಶಾಮಿಯಾನ, ಮೈಕು, ಬೇರೆ ಊರುಗಳಿಂದ ಬಂದ ಜನ. ಬಂದ ಪ್ರಸಂಗಿ ತಮಿಳಿನವರು, ಹೇಳಿದ್ದನ್ನೆಲ್ಲ ಮಾಡಿ ತೋರಿಸುವವರು. ಇಂಥವರ ಪಕ್ಕದಲ್ಲಿ ನಿಂತವನೂ ಅವರಂತೆಯೇ ಕೈ ಎತ್ತಬೇಕು, ಮಂಡಿಯೂರಬೇಕು, ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ನಿಯಮ. ನಾನು ಕೈ ಹಿಂದೆ ಕಟ್ಟಿ ನಿಲ್ಲುವವನು. ಕೂಟ ಏರ್ಪಡಿಸಿದವರು ಮೊದಲೇ ಬಂದು ಹೇಳಿದರು: “ಮೇಷ್ಟ್ರೇ, ಈ ಸಲ ಬರೀ ಬಾಯಿ ಸಾಕಾಗಲ್ಲ. ಮೈಯೂ ಸ್ವಲ್ಪ ಆಡಿಸ್ರಿ.”

ಅಂದಿನ ಕಥೆ ಬೈಬಲಿನಲ್ಲಿ ಬರುವ ದಾರಿಬದಿಯ ಕುರುಡನದು. ಕರ್ತನ ಕರೆ ಬಂದ ಕೂಡಲೇ ಅವನು ಮೇಲುಹೊದಿಕೆಯನ್ನು ಬಿಸಾಡಿ ಎದ್ದು ಬರುತ್ತಾನೆ. ಪ್ರಸಂಗಿ ಕೋಟು ತೆಗೆದು ಬೀಸಿ ಒಗೆದರು. ಜನ ಈಗ ನನ್ನನ್ನು ನೋಡಿದರು. ನನ್ನ ಮೈಮೇಲೆ ಇದ್ದದ್ದು ಹೆಂಡತಿ ಹೆಣೆದ ಸ್ವೆಟರ್. ಕುತ್ತಿಗೆಯ ಅಳತೆಯನ್ನು ಅವಳು ಯಾರ ಕುತ್ತಿಗೆ ನೋಡಿ ತೆಗೆದುಕೊಂಡಿದ್ದಳೋ ತಿಳಿಯದು. ಎರಡೂ ಕೈಯಿಂದ ಮೇಲೆತ್ತಿದೆ. ಕಿವಿಯವರೆಗೆ ಬಂದು ನಿಂತಿತು. ಒಳಗೆ ನನ್ನ ಕನ್ನಡಕ ಸಿಕ್ಕಿಕೊಂಡಿತು. ಕೈಗಳು ಮೇಲೆಯೇ ಉಳಿದವು.

ಪ್ರಸಂಗಿ ನಿಲ್ಲಿಸಲಿಲ್ಲ. ಅವರು ಹೇಳಿದ್ದನ್ನು ನಾನು ಉಣ್ಣೆಯ ಒಳಗಿನಿಂದಲೇ ಹೇಳುತ್ತ ಹೋದೆ.

“ಅವನಿಗೆ ಏನೂ ಕಾಣುತ್ತಿರಲಿಲ್ಲ.”

ಜನ “ಹೌದು, ಹೌದು” ಎಂದರು.

“ಅವನು ಕೈ ಚಾಚಿ ತಡಕಾಡಿದನು.”

ಯಾರೋ ಬಿಕ್ಕಿದ್ದು ಕೇಳಿಸಿತು. ನಕ್ಕದ್ದೂ ಇರಬಹುದು.

“ನನ್ನ ಮೇಲೆ ದಯವಿಡಿರಿ ಎಂದು ಗಟ್ಟಿಯಾಗಿ ಕೂಗಿದನು.”

ಅಷ್ಟಕ್ಕೆ ಎದುರಿನ ಸಾಲಿನಿಂದ ಇಬ್ಬರು ಎದ್ದು ಬಂದರು. ಒಬ್ಬರು ಸೊಂಟ ಹಿಡಿದರು, ಇನ್ನೊಬ್ಬರು ಸ್ವೆಟರ್ ಎಳೆದರು. ಕಣ್ಣಿಗೆ ಬೆಳಕು ಬಿದ್ದಾಗ ಮೊದಲು ಕಂಡದ್ದು ಮೂರನೇ ಸಾಲಿನ ತುದಿ. ಅವಳು ಅತ್ತೆಯ ಹೆಗಲಿಗೆ ಮುಖ ಒತ್ತಿಕೊಂಡು ಅಲ್ಲಾಡುತ್ತಿದ್ದಳು.

ದಾರಿಯಲ್ಲಿ ಅವಳಿಗೆ ಮಾತು ಬರಲು ಬಹಳ ಹೊತ್ತು ಹಿಡಿಯಿತು. “ರೀ, ನಮ್ಮವ್ವಂಗೆ ಇವತ್ತು ಅರ್ಧ ಪ್ರಸಂಗ ತಿಳೀತಂತೆ.” ಮತ್ತೆ ನಕ್ಕಳು. “ಮಿಕ್ಕರ್ಧ ತಿಳಿಸಾಕೆ ಅಂತ ಇನ್ನೇನೂ ಬಿಚ್ಚಾಕೆ ಹೋಗಬೇಡ್ರಿ.”

ಕೇಸ್ ಶೀಟು

ಅವಳು ಕಾಯಿಲೆ ಬಿದ್ದದ್ದು ಹೊನ್ನಾಳಿಯಲ್ಲೇ. ಕಾಯಿಲೆಯ ಹೆಸರು ಇಲ್ಲಿ ಬೇಡ. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸಭೆಯವರು ಸರದಿ ಮೇಲೆ ಬಂದು ಮಂಚದ ಪಕ್ಕದಲ್ಲಿ ನಿಂತು ಪ್ರಾರ್ಥಿಸಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಬರಲಿಲ್ಲ. “ಇವತ್ತು ನೀವೇ ಮಾಡ್ರಿ” ಎಂದಳು. ನಾನು ಕಣ್ಣು ಮುಚ್ಚಿ ಕೈ ಜೋಡಿಸಿದೆ. ಬೇರೆಯವರ ಸಾವಿರ ಪ್ರಾರ್ಥನೆಗಳನ್ನು ಕನ್ನಡ ಮಾಡಿದ್ದೇನೆ. ನನ್ನದು ಎಂಬುದು ಒಂದೂ ಸಿಗಲಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು.

ಅವಳು ಕಣ್ಣು ತೆರೆದು ನೋಡಿದಳು. “ಯಾರಾದ್ರೂ ಇಂಗ್ಲಿಷ್‌ನಾಗೆ ಶುರು ಮಾಡಿದ್ರೆ ನಿಮಗೆ ಬರ್ತೈತೆ ಅಲ್ವಾ? ತಡೀರಿ, ನಾನೇ ಹೇಳ್ತೀನಿ. ನೀವು ಕನ್ನಡ ಮಾಡ್ರಿ.”

ಅವಳಿಗೆ ಬರುತ್ತಿದ್ದದ್ದು ಆಸ್ಪತ್ರೆಯ ಇಂಗ್ಲಿಷ್. ಕೇಸ್ ಶೀಟಿನಲ್ಲಿ ಬರೆಯುವಂತೆ, ಒಂದೊಂದೇ ಸಾಲು ಹೇಳಿದಳು.

“ಲಾರ್ಡ್, ಪೇಷಂಟ್ ಕಂಡೀಷನ್ ನಾಟ್ ಗುಡ್.”

“ಕರ್ತನೇ, ಇವಳಿಗೆ ಹುಷಾರಿಲ್ಲ.”

“ಸ್ಲೀಪ್ ನಿಲ್. ಅಪೆಟೈಟ್ ನಿಲ್.”

“ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ.”

“ಹಸ್ಬೆಂಡ್ ಆಲ್ಸೋ ವೀಕ್.”

ನಾನು ಸುಮ್ಮನಾದೆ.

“ಕೈಂಡ್ಲಿ ಅಟೆಂಡ್ ಅರ್ಜೆಂಟ್ಲಿ.”

“ಬೇಗ ಬಾ, ಸ್ವಾಮಿ” ಎಂದೆ. ಅದರ ಮುಂದೆ ನನಗೆ ಆಗಲಿಲ್ಲ. ಅವಳೇ ಆಮೆನ್ ಹೇಳಿದಳು. ಆಮೇಲೆ ದಿಂಬು ಸರಿಮಾಡಿಕೊಂಡು ತಕರಾರು ತೆಗೆದಳು: “ನಡುವೆ ಒಂದು ವಾಕ್ಯ ಹಾರಿಸಿದ್ರಿ. ನಾನು ನೋಡ್ಕಂಡೆ.”

ರಜ

ಮಣ್ಣು ಮಾಡುವ ದಿನ ನಮ್ಮ ಸಭೆಯ ಅಯ್ಯನವರು ಊರಲ್ಲಿರಲಿಲ್ಲ. ಬೇರೆ ಊರಿನಿಂದ ಒಬ್ಬರನ್ನು ಕರೆಸಿದರು. ಅವರಿಗೆ ಇಂಗ್ಲಿಷ್ ಒಂದೇ ಬರುತ್ತಿತ್ತು. ಪೆಟ್ಟಿಗೆಯ ತಲೆಯ ಕಡೆ ನಿಂತು ಅವರು ಪುಸ್ತಕ ತೆರೆದರು. ನಾನು ಅತ್ತೆಯ ಪಕ್ಕದಲ್ಲಿದ್ದವನು, ಯಾರೂ ಕರೆಯದೆ ಎರಡು ಹೆಜ್ಜೆ ಮುಂದೆ ಹೋಗಿ ಅವರ ಎಡಗಡೆ ನಿಂತೆ. ಕಾಲುಗಳು ರೂಢಿಯ ಮೇಲೆ ಹೋದವು.

ಅವರು ಒಂದು ವಾಕ್ಯ ಹೇಳಿ ನಿಂತರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅವರು ಕಾದರು. ಜನ ಕಾದರು. ಗುದ್ದಲಿ ಹಿಡಿದವರು ಕಾದರು. ಅವರು ಅದೇ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದರು, ನನಗೆ ಕೇಳಿಸಲಿಲ್ಲವೇನೋ ಎಂಬಂತೆ.

ಆಗ ಅತ್ತೆ ಬಂದು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಅವರ ಮುಖ ಒದ್ದೆಯಾಗಿತ್ತು, ದನಿ ಗಟ್ಟಿಯಾಗಿತ್ತು. “ಬಿಡ್ರಿ ಅಯ್ಯನೋರೆ, ನಿಮ್ಮ ಪಾಡಿಗೆ ನೀವು ಮುಗಿಸ್ರಿ. ಮೇಷ್ಟ್ರಿಗೆ ಇವತ್ತು ರಜ.”

ಅಲ್ಲಿದ್ದವರಲ್ಲಿ ಕೆಲವರು ನಕ್ಕರು, ನಕ್ಕದ್ದಕ್ಕೆ ಅತ್ತರು. ಮಗಳನ್ನು ಮಣ್ಣಿಗೆ ಕೊಡುವಾಗ ಹೇಳಿದ ಮಾತು ಕೂಡ ಅತ್ತೆಗೆ ಒಂದೂ ತಿಳಿಯಲಿಲ್ಲ. ತಿಳಿಸಬೇಕಾದವನು ನಾನಾಗಿದ್ದೆ.

ವರ್ಷದ ಆರಾಧನೆ

ಒಂದು ವರ್ಷ ತುಂಬುವ ಹೊತ್ತಿಗೆ ನನಗೆ ನ್ಯಾಮತಿಗೆ ವರ್ಗವಾಗಿತ್ತು. ಅತ್ತೆ ನನ್ನ ಜೊತೆಗೇ ಬಂದಿದ್ದರು. ಮಗಳಿಲ್ಲದ ಮನೆಯಲ್ಲಿ ಅಳಿಯನ ಜೊತೆ ಹೇಗಿರುತ್ತೀರಿ ಎಂದು ನೆಂಟರು ಕೇಳಿದ್ದಕ್ಕೆ, “ಅವರು ಮಾತಾಡಲ್ಲ, ನಂಗೆ ತೊಂದರೆ ಇಲ್ಲ” ಎಂದಿದ್ದರು.

ಸ್ಮರಣೆಯ ಆರಾಧನೆಗೆ ಹೊನ್ನಾಳಿಯಿಂದಲೂ ಜನ ಬಂದರು. ಪ್ರಸಂಗಕ್ಕೆ ಬಂದವರು ಕೇರಳದವರು, ಬಹಳ ಓದಿದವರು, ಸಭ್ಯರು. ಅವಳನ್ನು ಕಂಡವರಲ್ಲ. ಟೈಪು ಮಾಡಿದ ಹಾಳೆಗಳನ್ನು ತಂದಿದ್ದರು. ನನ್ನ ಅನುಕೂಲಕ್ಕೆಂದು ಪ್ರತಿ ವಾಕ್ಯದ ನಂತರ ನಿಲ್ಲುತ್ತಿದ್ದರು. ನನ್ನ ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಮೊದಲ ಎರಡು ವಾಕ್ಯವನ್ನು ಇದ್ದಂತೆಯೇ ಕನ್ನಡ ಮಾಡಿದೆ. ಮೂರನೆಯದು ಬರುವಾಗ ಅತ್ತೆ ಕಣ್ಣಿಗೆ ಬಿದ್ದರು. ಪಕ್ಕದಲ್ಲಿ ಬೆಂಚಿನ ತುದಿ ಖಾಲಿ. ಅತ್ತೆ ಗದ್ದಕ್ಕೆ ಕೈಯಿಟ್ಟುಕೊಂಡು ಫ್ಯಾನು ನೋಡುತ್ತಿದ್ದರು. ಆ ಮುಖ ನನಗೆ ಗೊತ್ತು. ತಿಳಿಯದ ಪ್ರಸಂಗದ ಜಾಗಕ್ಕೆ ತಮ್ಮದೊಂದನ್ನು ಕಟ್ಟಿಕೊಳ್ಳುವಾಗಿನ ಮುಖ. ಮಗಳ ದಿನವೂ ಈ ಮುದುಕಿ ತನ್ನ ಪ್ರಸಂಗವನ್ನು ತಾನೇ ಮಾಡಿಕೊಳ್ಳಬೇಕೆ?

“ನಿರೀಕ್ಷೆ ಎಂಬುದಕ್ಕೆ ಒಂದು ತಾತ್ವಿಕ ನೆಲೆಯಿದೆ” ಎಂದರು ಅಯ್ಯನವರು, ಇಂಗ್ಲಿಷಿನಲ್ಲಿ.

ನಾನು ಅವಳ ಹೆಸರು ಹೇಳಿದೆ. ಹೇಳಿ, “ಅವಳಿಗೆ ಹಾಡಾಕೆ ಬರ್ತಿರ್ಲಿಲ್ಲ” ಎಂದೆ.

ಅತ್ತೆಯ ಕಣ್ಣು ಫ್ಯಾನಿನಿಂದ ಕೆಳಗಿಳಿಯಿತು.

“ಆ ನೆಲೆಯನ್ನು ನಾವು ಸರಿಯಾಗಿ ಗುರುತಿಸಿಲ್ಲ.”

“ಆದ್ರೂ ಎಲ್ಲಾರಿಗಿಂತ ಜೋರಾಗಿ ಹಾಡಾಳು. ಹಾರ್ಮೋನಿಯಂನೋರು ಅವಳ ಹಿಂದೆ ಓಡ್ಬೇಕಾಗಿತ್ತು.”

ಹೊನ್ನಾಳಿಯವರು ಜೋರಾಗಿ ನಕ್ಕರು. ಅಯ್ಯನವರು ಹಾಳೆಯಿಂದ ತಲೆ ಎತ್ತಿದರು. ಆ ವಾಕ್ಯದಲ್ಲಿ ನಗುವಂಥದ್ದಿದೆ ಎಂದು ಅವರಿಗೆ ಬರೆಯುವಾಗ ಹೊಳೆದಿರಲಿಲ್ಲ. ಖುಷಿಯಾಯಿತು. ಪೀಠದ ಹಿಂದಿನಿಂದ ಮುಂದೆ ಬಂದು, ಮೂರು ಬೆರಳು ಎತ್ತಿ ಹಿಡಿದರು. “ಇದಕ್ಕೆ ಮೂರು ಆಯಾಮಗಳು.”

ಬೆರಳು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಬಿಡುವಂತಿರಲಿಲ್ಲ.

“ದಿನಕ್ಕೆ ಮೂರು ಸಲ ನನ್ನ ಬೈಯಾಳು” ಎಂದೆ.

ಅವರು ಮೊದಲ ಆಯಾಮ ವಿವರಿಸಿದರು. “ಒಂದು, ಒದ್ದೆ ಟವೆಲ್ಲು ಮಂಚದ ಮೇಲೆ ಹಾಕಿದ್ದಕ್ಕೆ.” ಎರಡನೆಯದು ವಿವರಿಸಿದರು. “ಎರಡು, ಪುಸ್ತಕ ಓದ್ಕಂತ ಹಾಲು ಉಕ್ಕಿಸಿದ್ದಕ್ಕೆ.” ಮೂರನೆಯದಕ್ಕೆ ಅವರು ಹೆಚ್ಚು ಹೊತ್ತು ತೆಗೆದುಕೊಂಡರು. ನನಗೂ ಅಷ್ಟು ಹೊತ್ತು ಬೇಕಿತ್ತು.

“ಮೂರು, ಬಾಯಿ ಬಿಟ್ಟು ಒಂದು ಮಾತು ಆಡಲ್ಲ ಅಂತ.”

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕಾಲೇಜಿನ ಉಪನ್ಯಾಸಕಿಯೊಬ್ಬರಿದ್ದರು. ಅವರಿಗೆ ಎರಡು ಭಾಷೆಯೂ ಬರುತ್ತಿತ್ತು. ಹಾಡಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕೊನೆಯವರೆಗೂ ಹಾಗೆಯೇ ಕೂತರು.

ಅಯ್ಯನವರ ದನಿ ಏರಿತು. ಜನರ ಕಣ್ಣು ಒದ್ದೆಯಾದಷ್ಟೂ ಅವರಿಗೆ ಹುಮ್ಮಸ್ಸು. ಹಾಳೆಗಳನ್ನು ಮಡಿಚಿ ಜೇಬಿಗಿಟ್ಟುಕೊಂಡೇ ಬಿಟ್ಟರು. ಅವರು ಯುಗಾಂತ್ಯದ ಬಗ್ಗೆ ಹೇಳಿದರು. ನಾನು ಮತ್ತೆ ಮತ್ತೆ ಅವಳ ಹೆಸರು ಹಿಡಿದು ಹೊನ್ನಾಳಿ ಆಸ್ಪತ್ರೆಯ ಬಗ್ಗೆ ಹೇಳಿದೆ. “ನಿಮ್ಮ ಮಕ್ಕಳಿಗೆಲ್ಲ ಸೂಜಿ ಚುಚ್ಚಿದ್ದು ಅವಳೇ. ಚುಚ್ಚಾಕೆ ಮುಂಚೆ ಅವಳ ಕಣ್ಣಾಗೇ ನೀರು ಬರ್ತಿತ್ತು. ಮಕ್ಕಳು ಅದನ್ನ ನೋಡಿ ತಾವು ಅಳಾದು ಮರೆತುಬಿಡ್ತಿದ್ವು.” ಅವರು ನಿತ್ಯತ್ವದ ಬಗ್ಗೆ ಹೇಳಿದರು. ನಾನು ಮನೆಯ ಬಗ್ಗೆ ಹೇಳಿದೆ. “ಈಗಲೂ ಸಂಜೆ ಗೇಟಿನ ಸದ್ದಾದ್ರೆ, ಡ್ಯೂಟಿ ಮುಗಿಸ್ಕಂಡು ಬಂದ್ಲು ಅಂತ ಎದ್ದು ನಿಲ್ತೀನಿ. ಅತ್ತೆನೂ ಎದ್ದು ನಿಲ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳಾದಿಲ್ಲ. ಕೂತ್ಕಂತೀವಿ.”

ಕೊನೆಯ ವಾಕ್ಯ ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ನಾನು ಹೇಳಿದ್ದು ಇದು: “ಅವಳು ಎಲ್ಲಿದ್ದಾಳೆ ಅಂತ ದೇವರಿಗೆ ಗೊತ್ತೈತೆ. ಅಷ್ಟು ಸಾಕು ಅಂತ ಹೇಳಾಕೆ ನಂಗೆ ಇನ್ನೂ ಬರ್ತಿಲ್ಲ. ಬರಂಗೆ ಮಾಡು, ಸ್ವಾಮಿ.”

ಆಮೆನ್ ಒಂದನ್ನು ಮಾತ್ರ ಇಬ್ಬರೂ ಒಂದೇ ಸಲ ಹೇಳಿದೆವು.

ಹೊರಗೆ ಬಂದ ಮೇಲೆ ಅಯ್ಯನವರು ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷದ ಸೇವೆಯಲ್ಲಿ ತಮ್ಮ ಮಾತು ಯಾವ ಸಭೆಗೂ ಹೀಗೆ ಮುಟ್ಟಿರಲಿಲ್ಲ ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ನನಗೆ ತಡೆಯಲಾಗಲಿಲ್ಲ. “ಸರ್, ನಾನು ಪೂರ್ತಿ ತರ್ಜುಮೆ ಮಾಡಲಿಲ್ಲ” ಎಂದು ಒಪ್ಪಿಕೊಂಡೆ.

ಅವರು ನನ್ನ ಬೆನ್ನು ತಟ್ಟಿದರು. “ಪೂರ್ತಿ ತರ್ಜುಮೆ ಮಾಡಲು ಯಾರಿಂದ ಸಾಧ್ಯ, ಬ್ರದರ್?”

ಬಸ್ ಸ್ಟ್ಯಾಂಡಿಗೆ ಅವರನ್ನು ಬಿಡಲು ಹೋದಾಗ ಅತ್ತೆಯೂ ಬಂದರು. ದಾರಿಯಲ್ಲಿ ಮನೆಗೆ ಹೋಗಿ ಒಂದು ವೈರ್ ಬುಟ್ಟಿ ತಂದಿದ್ದರು. ಅದರ ಬಾಯಿಗೆ ಹಳೇ ಟವೆಲ್ಲು ಬಿಗಿದು ಕಟ್ಟಿತ್ತು. ಅದನ್ನು ಅಯ್ಯನವರ ಕೈಗೆ ಕೊಟ್ಟು ಉದ್ದಕ್ಕೆ ಏನೇನೋ ಹೇಳಿದರು: “ಅಯ್ಯನೋರೆ, ವರ್ಷಕ್ಕೊಂದ್ಸಲ ಬಂದು ಹಿಂಗೇ ನಿಂತ್ಕಂಡು ಹೋಗ್ರಿ. ಇದನ್ನ ತೊಡೆ ಮೇಲೆ ಇಟ್ಕಳ್ರಿ, ಸೀಟಿನ ಕೆಳಗೆ ಬ್ಯಾಡ. ಊರು ಮುಟ್ಟಾವರೆಗೂ ಬಟ್ಟೆ ತೆಗೀಬ್ಯಾಡ್ರಿ.”

“ಏನು ಹೇಳುತ್ತಿದ್ದಾರೆ?” ಎಂದು ಅಯ್ಯನವರು ನನ್ನನ್ನು ಕೇಳಿದರು. ಬಸ್ಸು ಹೊರಡುವುದರಲ್ಲಿತ್ತು. “ಪ್ರತಿ ವರ್ಷ ಬರಬೇಕಂತೆ” ಎಂದಷ್ಟೇ ಹೇಳಿದೆ. ಅವರು ಅತ್ತೆಗೆ ಕೈ ಮುಗಿದು, ಬುಟ್ಟಿಯನ್ನು ಎದೆಗಪ್ಪಿಕೊಂಡು ಹತ್ತಿದರು. ಬಸ್ಸು ತುಂಬಿತ್ತು.

ನಾವಿಬ್ಬರೂ ಮನೆ ಕಡೆ ನಡೆದೆವು. ಸ್ವಲ್ಪ ದೂರ ಬಂದ ಮೇಲೆ ಅತ್ತೆ ಹೇಳಿದರು: “ಇವತ್ತಿಂದು ಪೂರ್ತಿ ತಿಳೀತು, ಮೇಷ್ಟ್ರೇ.”

“ಅಯ್ಯನವರು ಚೆನ್ನಾಗಿ ಹೇಳಿದರು” ಎಂದೆ.

“ಅವರ ಬಾಯಾಗೆ ನನ್ನ ಮಗಳ ಹೆಸ್ರು ಒಂದ್ಸಲಾನೂ ಬರ್ಲಿಲ್ಲ. ನಿಮ್ಮ ಬಾಯಾಗೆ ಹನ್ನೊಂದು ಸಲ ಬಂತು. ಆಕೆ ಹೆಸ್ರು ಇಂಗ್ಲಿಷ್‌ನಾಗೆ ಬ್ಯಾರೆ ಐತಾ?”

ನಾನು ಚಪ್ಪಲಿ ನೋಡಿಕೊಂಡು ನಡೆದೆ. ನಡೆಯುತ್ತಲೇ ಕೇಳಿದೆ: “ಗೊತ್ತಿದ್ದೂ ಆ ಬುಟ್ಟಿ ಅವರಿಗೆ ಯಾಕೆ ಕೊಟ್ರಿ ಅತ್ತೆ?”

“ಒಂದು ತಾಸು ನಿಂತಿದ್ರಲ್ಲ, ಪಾಪ. ನೀವು ಮಾತಾಡ್ಲಿ ಅಂತ ನಡುನಡುವೆ ಸುಮ್ಮನಾಗಿ ಜಾಗ ಬಿಟ್ಕೊಟ್ರು. ನಿಮ್ಮ ಬಾಯಿ ಬಿಡಿಸಾಕೆ ನನ್ನ ಮಗಳ ಕೈಲೇ ಆಗಿರ್ಲಿಲ್ಲ. ಅಷ್ಟು ಕೆಲಸ ಮಾಡಿದೋರಿಗೆ ಕೂಲಿ ಕೊಡ್ಬಾರ್ದಾ?”

“ಏನ್ ಕೊಟ್ರಿ?”

“ಹಿತ್ತಲಾಗಿನ ಕೋಳಿ. ಮೊಟ್ಟೆ ಇಡಾದು. ಜೀವಂತ ಐತೆ.” ಅತ್ತೆ ನಿಂತು, ಬಸ್ಸು ಹೋದ ದಿಕ್ಕಿಗೆ ಒಮ್ಮೆ ತಿರುಗಿ ನೋಡಿದರು. “ಬಟ್ಟೆ ತೆಗೀಬ್ಯಾಡ್ರಿ ಅಂದಿದ್ನಲ್ಲ. ಅದನ್ನ ಅವರಿಗೆ ಇಂಗ್ಲಿಷ್‌ನಾಗೆ ಹೇಳಿದ್ರೋ ಇಲ್ಲೋ?”